ಯಾರಿಗೆ ಎಷ್ಟು ಅಧಿಕಾರ: ಕೇಳುವ ಹೊಣೆ ಯಾರದು?

ಒಂದು ಸಂಸ್ಥೆಯ ಕಂಪ್ಯೂಟರ್ ಜಾಲದಲ್ಲಿ ಅತಿ ಹೆಚ್ಚು ಅಧಿಕಾರ ಯಾರ ಕೈಯಲ್ಲಿದೆ ಎಂದು ತಿಳಿಯಲು ಎಷ್ಟು ಕಷ್ಟಪಡಬೇಕು? ಅದು ವಿಂಡೋಸ್ ಡೊಮೇನ್ ಆಗಿದ್ದರೆ ಸಾಮಾನ್ಯವಾಗಿ ಕಷ್ಟವೇ ಇಲ್ಲ. ನಿನ್ನೆ ಕೆಲಸಕ್ಕೆ ಸೇರಿದ ಕಿರಿಯ ನೌಕರ ಕೂಡ ತನ್ನ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ‘ನೆಟ್ ಗ್ರೂಪ್’ ಎಂದು ಬರೆದು, ‘ಡೊಮೇನ್ ಅಡ್ಮಿನ್ಸ್’ ಎಂಬ ಗುಂಪಿನ ಹೆಸರು ಕೊಟ್ಟು, ಕೊನೆಗೆ ‘/ಡೊಮೇನ್’ ಎಂದು ಸೇರಿಸಿ ಎಂಟರ್ ಒತ್ತಿದರೆ ಸಾಕು. ಇಡೀ ಜಾಲವನ್ನು ಆಳಬಲ್ಲ ಖಾತೆಗಳ ಹೆಸರುಗಳು ಸಾಲಾಗಿ ಪರದೆಯ ಮೇಲೆ ಬರುತ್ತವೆ. ಅದಕ್ಕೆ ವಿಶೇಷ ಅನುಮತಿ ಬೇಡ, ಹೊರಗಿನಿಂದ ತಂದ ತಂತ್ರಾಂಶವೂ ಬೇಡ.

ಇದನ್ನು ಮೊದಲ ಸಲ ಕಣ್ಣಾರೆ ಕಂಡ ಮೇಲಧಿಕಾರಿಗೆ ದಿಗಿಲಾಗುವುದು ಸಹಜ. ಇಷ್ಟು ಮುಖ್ಯವಾದ ಪಟ್ಟಿ ಎಲ್ಲರ ಕೈಗೂ ಸಿಗುವುದಾದರೆ ಭದ್ರತೆ ಎಲ್ಲಿ ಬಂತು ಎಂದು ಅವರು ಕೇಳುತ್ತಾರೆ. ಪಟ್ಟಿಯನ್ನು ಮುಚ್ಚಿಬಿಡಿ, ನೌಕರರ ಕಂಪ್ಯೂಟರಿನಿಂದ ಕಮಾಂಡ್ ಪ್ರಾಂಪ್ಟನ್ನೇ ತೆಗೆದುಬಿಡಿ ಎಂಬ ಸೂಚನೆಯೂ ಬರುತ್ತದೆ. ಆ ದಿಗಿಲು ಅರ್ಥವಾಗುವಂಥದ್ದೇ. ಆದರೆ ಅದು ಬೊಟ್ಟು ಮಾಡುವ ದಿಕ್ಕು ಸರಿಯಿಲ್ಲ ಎಂಬುದು ನನ್ನ ವಾದ. ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು ಎಂಬುದಕ್ಕಿಂತ, ಓದಲೇಬೇಕಾದವರು ಓದುತ್ತಿಲ್ಲ ಎಂಬುದು ದೊಡ್ಡ ಅಪಾಯ. ಜಾಲಕ್ಕೆ ನುಗ್ಗಿದವನು ಬಂದೊಡನೆ ಕೇಳುವ ಪ್ರಶ್ನೆಯನ್ನು ಎಷ್ಟೋ ಸಂಸ್ಥೆಗಳು ಆಡಿಟ್ ಬಂದಾಗ ಮಾತ್ರ ಕೇಳುತ್ತವೆ. ಈ ಅಂತರ ಉಳಿದಿರುವವರೆಗೆ ಬೇರೆ ಏನನ್ನು ಮುಚ್ಚಿದರೂ ಪ್ರಯೋಜನ ಅಷ್ಟಕ್ಕಷ್ಟೆ.

ಡೊಮೇನ್ ಎಂದರೆ ನೂರಾರು, ಸಾವಿರಾರು ಕಂಪ್ಯೂಟರುಗಳು ಒಂದೇ ದಾಖಲೆಯನ್ನು ನಂಬಿ ನಡೆಯುವ ವ್ಯವಸ್ಥೆ. ಯಾರು ಒಳಗೆ ಬರಬಹುದು, ಬಂದವರು ಏನು ಮಾಡಬಹುದು ಎಂಬುದನ್ನು ಪ್ರತಿ ಯಂತ್ರವೂ ತಾನೇ ತೀರ್ಮಾನಿಸುವುದಿಲ್ಲ. ಡೊಮೇನ್ ಕಂಟ್ರೋಲರ್ ಎಂಬ ಸರ್ವರನ್ನು ಕೇಳುತ್ತದೆ. ಪ್ರತಿ ನೌಕರನಿಗೂ ಅಲ್ಲೊಂದು ಖಾತೆ, ಖಾತೆಗಳನ್ನು ಒಟ್ಟು ಮಾಡುವ ಗುಂಪುಗಳು, ಗುಂಪುಗಳಿಗೆ ಕೊಟ್ಟ ಹಕ್ಕುಗಳು. ವೇತನದ ಫೋಲ್ಡರ್ ತೆರೆಯುವುದರಿಂದ ಹಿಡಿದು ಇಡೀ ಸರ್ವರನ್ನು ಅಳಿಸಿಹಾಕುವವರೆಗೆ ಎಲ್ಲ ಹಕ್ಕುಗಳೂ ಕೊನೆಗೆ ಈ ದಾಖಲೆಗೇ ಬಂದು ಮುಟ್ಟುತ್ತವೆ. ಮೈಕ್ರೋಸಾಫ್ಟ್ ಇದಕ್ಕೆ ಆಕ್ಟಿವ್ ಡೈರೆಕ್ಟರಿ ಎಂದು ಹೆಸರಿಟ್ಟು ವಿಂಡೋಸ್ 2000ದ ಜೊತೆ ಹೊರತಂದಿತು. ಅದರ ಹಿಂದಿನ ಆಲೋಚನೆ ಇನ್ನೂ ಹಳೆಯದು: 1988ರ ಎಕ್ಸ್.500 ಮಾನದಂಡ, ಅದನ್ನು ಹಗುರಗೊಳಿಸಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿ 1993ರಲ್ಲಿ ಪ್ರಕಟಿಸಿದ ಎಲ್‌ಡ್ಯಾಪ್.

ಈ ದಾಖಲೆ ಇಲ್ಲವಾದರೆ ಏನಾಗುತ್ತದೆ ಎಂಬುದನ್ನು 2017ರ ಜೂನ್ ತಿಂಗಳು ತೋರಿಸಿತು. ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಡೆನ್ಮಾರ್ಕಿನ ಹಡಗು ಸಾರಿಗೆ ಸಂಸ್ಥೆ ಮಾರ್ಸ್ಕ್‌ನ ಡೊಮೇನ್ ಕಂಟ್ರೋಲರುಗಳನ್ನು ಅಳಿಸಿಹಾಕಿತು. ಪರಸ್ಪರ ನಕಲು ಮಾಡಿಕೊಳ್ಳುತ್ತಿದ್ದ ಅವು ಒಂದು ಹೋದರೆ ಇನ್ನೊಂದು ಇದೆ ಎಂಬ ಭರವಸೆಯ ಮೇಲೆ ನಿಂತಿದ್ದವು; ಎಲ್ಲವೂ ಒಟ್ಟಿಗೆ ಹೋದಾಗ ಆ ಭರವಸೆಯೂ ಹೋಯಿತು. ಘಾನಾದ ಕಚೇರಿಯಲ್ಲಿ ಕರೆಂಟ್ ಹೋಗಿ ಜಾಲದಿಂದ ಕಡಿದುಹೋಗಿದ್ದ ಒಂದೇ ಒಂದು ಕಂಟ್ರೋಲರ್ ಉಳಿದುಕೊಂಡಿತ್ತು. ಸಂಸ್ಥೆ ತನ್ನ ಜಾಲವನ್ನು ಮತ್ತೆ ಕಟ್ಟಿದ್ದು ಅದರಿಂದ.

ಹೀಗಿರುವಾಗ ಇಂಥ ದಾಖಲೆಯನ್ನು ಓದಲು ಎಲ್ಲರಿಗೂ ಬಿಟ್ಟದ್ದೇಕೆ? ಓದಲಾಗದ ದಾಖಲೆಯಿಂದ ಯಾರ ಕೆಲಸವೂ ಆಗುವುದಿಲ್ಲ ಎಂಬುದೇ ಕಾರಣ. ಸಹೋದ್ಯೋಗಿಯೊಬ್ಬರಿಗೆ ಫೋಲ್ಡರ್ ಹಂಚಬೇಕಾದರೆ ಅವರ ಹೆಸರು ಸಿಗಬೇಕು. ಒಬ್ಬರು ಲಾಗಿನ್ ಆದಾಗ ಅವರು ಯಾವ ಗುಂಪುಗಳಲ್ಲಿದ್ದಾರೆ ಎಂಬುದನ್ನು ಎಷ್ಟೋ ಅಪ್ಲಿಕೇಶನ್‌ಗಳು ಇದೇ ದಾಖಲೆಯಲ್ಲಿ ನೋಡಿಕೊಳ್ಳಬೇಕು. ಯುನಿಕ್ಸ್ ಲೋಕ ಈ ಪ್ರಶ್ನೆಯನ್ನು ಬಹಳ ಮುಂಚೆಯೇ ಎದುರಿಸಿತ್ತು. ಅಲ್ಲಿ ಬಳಕೆದಾರರ ಹೆಸರುಗಳಿರುವ ‘ಪಾಸ್‌ವರ್ಡ್ ಕಡತ’ ಮೊದಲಿನಿಂದಲೂ ಎಲ್ಲರೂ ಓದಬಹುದಾದದ್ದು. ಗೂಢಲಿಪಿಗೆ ತಿರುಗಿಸಿದ ಪಾಸ್‌ವರ್ಡುಗಳೂ ಆಗ ಅದೇ ಕಡತದಲ್ಲಿದ್ದವು. 1988ರ ನವೆಂಬರಿನಲ್ಲಿ ಹರಡಿದ ಮೋರಿಸ್ ವರ್ಮ್ ಆ ಕಡತವನ್ನೇ ಓದಿ, ಬಳಕೆದಾರರ ಹೆಸರನ್ನೂ ಕೆಲವು ನೂರು ಸಾಮಾನ್ಯ ಪದಗಳನ್ನೂ ಪಾಸ್‌ವರ್ಡ್ ಆಗಿ ಪ್ರಯತ್ನಿಸಿತು. ಆ ಕಾಲದ ಪಾಠ ಏನು? ಯುನಿಕ್ಸ್ ಹೆಸರುಗಳನ್ನು ಮುಚ್ಚಿಡಲಿಲ್ಲ. ಗೂಢಲಿಪಿಯ ಪಾಸ್‌ವರ್ಡುಗಳನ್ನು ಮಾತ್ರ ‘ಶ್ಯಾಡೋ’ ಎಂಬ ಪ್ರತ್ಯೇಕ ಕಡತಕ್ಕೆ ಸರಿಸಿ ಅದಕ್ಕೆ ಕಾವಲು ಹಾಕಿತು. ಯಾರು ಇದ್ದಾರೆ ಎಂಬುದು ಹಂಚಿಕೊಳ್ಳುವ ವಿಷಯ, ಅವರ ಗುಟ್ಟು ಕಾಪಾಡುವ ವಿಷಯ ಎಂಬ ಈ ವಿಂಗಡಣೆ ಇಂದಿಗೂ ಸರಿಯಾದದ್ದು. ಇಂದಿನ ಡೊಮೇನ್‌ಗಳೂ ಅದರ ಮೇಲೆಯೇ ನಿಂತಿವೆ.

ಓದುವ ಅವಕಾಶ ಇರುವುದು ಒಂದು. ಹೇಗೆ ಓದುತ್ತೇವೆ ಎಂಬುದು ಇನ್ನೊಂದು. ಬಹುಪಾಲು ನಿರ್ವಾಹಕರು ಈ ದಾಖಲೆಯನ್ನು ನೋಡುವುದು ಮೌಸ್ ಹಿಡಿದು, ಒಂದೊಂದೇ ಹೆಸರಿನ ಮೇಲೆ ಕ್ಲಿಕ್ ಮಾಡುತ್ತ. ಹಾಗೆ ನೋಡಿದ್ದು ಕಣ್ಣಿನಿಂದ ಮರೆಯಾದೊಡನೆ ಮುಗಿಯುತ್ತದೆ. ಕಮಾಂಡ್ ಲೈನಿನಲ್ಲಿ ಕೇಳಿದ ಪ್ರಶ್ನೆ ಹಾಗಲ್ಲ. ಅದು ಬರವಣಿಗೆಯ ರೂಪದಲ್ಲಿದೆ, ಅದರ ಉತ್ತರವೂ ಬರವಣಿಗೆಯ ರೂಪದಲ್ಲಿದೆ. ಇಂದು ಬರೆದ ಸಾಲನ್ನು ಮುಂದಿನ ಸೋಮವಾರ ಅಕ್ಷರವೂ ಬದಲಾಗದಂತೆ ಮತ್ತೆ ಕೇಳಬಹುದು. ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಈ ವಾರ ಯಾವ ಹೆಸರು ಹೊಸದಾಗಿ ಸೇರಿತು, ಯಾವುದು ಹೋಯಿತು ಎಂದು ತಿಳಿಯಬಹುದು. ಕೇಳಿದವರು ರಜೆಯಲ್ಲಿದ್ದರೂ ಅದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳಬಹುದು, ಉತ್ತರವನ್ನು ಮೂರನೆಯವರು ಪರಿಶೀಲಿಸಬಹುದು. ಅಧಿಕಾರದ ಲೆಕ್ಕ ಇಡುವವರಿಗೆ ಬೇಕಾದದ್ದು ಇದೇ: ಒಬ್ಬರ ನೆನಪನ್ನು ನಂಬದೆ, ಮತ್ತೆ ಮತ್ತೆ ಕೇಳಬಹುದಾದ, ಹೋಲಿಸಬಹುದಾದ ಉತ್ತರ.

ಆದರೆ ಇಲ್ಲೊಂದು ತೊಡಕಿದೆ. ಈ ಕಮಾಂಡುಗಳು ಕೊಡುವ ಉತ್ತರ ಪೂರ್ಣವಾಗಿರುವಂತೆ ಕಾಣುತ್ತದೆ. ಎಷ್ಟೋ ಸಲ ಪೂರ್ಣವಾಗಿರುವುದಿಲ್ಲ. ‘ನೆಟ್’ ಕಮಾಂಡ್ 1980ರ ದಶಕದ ಲ್ಯಾನ್ ಮ್ಯಾನೇಜರ್ ಕಾಲದ್ದು. ಒಂದು ಗುಂಪಿನೊಳಗೆ ಇನ್ನೊಂದು ಗುಂಪನ್ನು ಸೇರಿಸುವ ಪದ್ಧತಿ ಡೊಮೇನ್‌ಗಳಲ್ಲಿ ಬಂದದ್ದು ಅದರ ನಂತರ. ಹಾಗಾಗಿ ‘ನೆಟ್ ಗ್ರೂಪ್’ ನೇರ ಸದಸ್ಯರಾದ ಬಳಕೆದಾರರನ್ನು ಮಾತ್ರ ಹೇಳುತ್ತದೆ. ‘ಡೊಮೇನ್ ಅಡ್ಮಿನ್ಸ್’ ಒಳಗೆ ‘ಸರ್ವರ್ ತಂಡ’ ಎಂಬ ಗುಂಪಿದ್ದು, ಅದರೊಳಗೆ ನಲವತ್ತು ಜನರಿದ್ದರೆ, ಆ ನಲವತ್ತು ಜನರಿಗೂ ಪೂರ್ಣ ಅಧಿಕಾರ ಇರುತ್ತದೆ. ಪರದೆಯ ಮೇಲೆ ಮಾತ್ರ ಅವರ ಹೆಸರೂ ಇಲ್ಲ, ಅವರ ಗುಂಪಿನ ಹೆಸರೂ ಇಲ್ಲ. ನಾಲ್ಕು ಹೆಸರು ನೋಡಿ ನಾಲ್ಕೇ ಜನ ಎಂದು ನಿಟ್ಟುಸಿರು ಬಿಟ್ಟವರು ಸುಳ್ಳು ನೆಮ್ಮದಿಯಲ್ಲಿರುತ್ತಾರೆ.

ಇಂಥ ಕೊರತೆಗಳು ಇನ್ನೂ ಇವೆ. ‘ಡಿಎಸ್‌ಕ್ವೆರಿ’ ಎಂಬ ಕಮಾಂಡ್ ಬೇರೆ ಹೇಳದಿದ್ದರೆ ಮೊದಲ 100 ಹೆಸರುಗಳನ್ನು ಮಾತ್ರ ಕೊಟ್ಟು ನಿಲ್ಲುತ್ತದೆ. ಎಲ್‌ಡ್ಯಾಪ್ ಮೂಲಕ ಕೇಳುವ ಪ್ರೋಗ್ರಾಂ ಪುಟಪುಟವಾಗಿ ಕೇಳಲು ಬರೆದದ್ದಲ್ಲದಿದ್ದರೆ, ಡೊಮೇನ್ ಕಂಟ್ರೋಲರ್ ರೂಢಿಯಂತೆ 1000ಕ್ಕೆ ನಿಲ್ಲಿಸುತ್ತದೆ. ಎಂಟು ಸಾವಿರ ಖಾತೆಗಳ ಸಂಸ್ಥೆಯಲ್ಲಿ ಮೊದಲ ಸಾವಿರವನ್ನೇ ಸರ್ವಸ್ವವೆಂದು ತಿಳಿದು ವರದಿ ಬರೆಯುವುದು ಎಷ್ಟು ಸುಲಭ! ಪ್ರತಿ ಖಾತೆಗೂ ‘ಮುಖ್ಯ ಗುಂಪು’ ಎಂಬುದೊಂದಿದೆ. ಸಾಮಾನ್ಯವಾಗಿ ಅದು ‘ಡೊಮೇನ್ ಯೂಸರ್ಸ್’, ಅದರ ಸಂಖ್ಯೆ 513. ಅದನ್ನು ಬದಲಿಸಿ 512, ಅಂದರೆ ‘ಡೊಮೇನ್ ಅಡ್ಮಿನ್ಸ್’ ಎಂದು ಇಟ್ಟರೆ, ಆ ಖಾತೆ ಗುಂಪಿನ ಸದಸ್ಯರ ಪಟ್ಟಿಯ ಎಲ್‌ಡ್ಯಾಪ್ ಕಾಲಮಿನಲ್ಲಿ ಕಾಣುವುದಿಲ್ಲ, ಅಧಿಕಾರ ಮಾತ್ರ ಪೂರ್ತಿ ಇರುತ್ತದೆ. ಆ ಕಾಲಮನ್ನಷ್ಟೇ ನಂಬಿ ಬರೆದ ಸ್ಕ್ರಿಪ್ಟ್ ಆ ಖಾತೆಯನ್ನು ಕಾಣದೆ ಮುಂದೆ ಹೋಗುತ್ತದೆ.

ಕೆಲಸ ಬಿಟ್ಟವರ ಖಾತೆ ಹುಡುಕುವಾಗಲೂ ಇದೇ ಕಥೆ. ‘ನೆಟ್ ಯೂಸರ್’ ಒಂದು ಖಾತೆಯ ಕೊನೆಯ ಲಾಗಿನ್ ದಿನಾಂಕವನ್ನು ತೋರಿಸುತ್ತದೆ. ಆದರೆ ಆ ದಿನಾಂಕ ಪ್ರತಿ ಡೊಮೇನ್ ಕಂಟ್ರೋಲರ್ ತನ್ನಷ್ಟಕ್ಕೆ ಇಟ್ಟುಕೊಂಡ ಲೆಕ್ಕ; ಒಂದರಿಂದ ಇನ್ನೊಂದಕ್ಕೆ ಅದು ಹೋಗುವುದಿಲ್ಲ. ಬೆಂಗಳೂರಿನ ಕಂಟ್ರೋಲರನ್ನು ಕೇಳಿದರೆ ‘ಎಂದೂ ಲಾಗಿನ್ ಆಗಿಲ್ಲ’ ಎನ್ನುವ ಖಾತೆ ಪುಣೆಯಲ್ಲಿ ದಿನವೂ ಕೆಲಸ ಮಾಡುತ್ತಿರಬಹುದು. ಎಲ್ಲ ಕಂಟ್ರೋಲರುಗಳಿಗೂ ಹರಡುವ ಇನ್ನೊಂದು ದಿನಾಂಕ ಇದೆ, ಆದರೆ ರೂಢಿಯ ಹೊಂದಿಕೆಯಲ್ಲಿ ಅದು 14 ದಿನಗಳವರೆಗೆ ಹಿಂದೆ ಬಿದ್ದಿರಬಹುದು. ಲಿನಕ್ಸ್ ಯಂತ್ರಗಳನ್ನು ಡೊಮೇನ್‌ಗೆ ಸೇರಿಸಿದವರು ಇನ್ನೊಂದು ಬಗೆಯ ಮೌನವನ್ನು ಎದುರಿಸುತ್ತಾರೆ. ಅಲ್ಲಿ ಎಸ್‌ಎಸ್‌ಎಸ್‌ಡಿ ಎಂಬ ಸೇವೆ, ಜಾಲಕ್ಕೆ ಹೊರೆಯಾಗಬಾರದೆಂದು, ಎಲ್ಲ ಬಳಕೆದಾರರನ್ನು ಎಣಿಸಿ ಹೇಳುವುದನ್ನು ಮೊದಲಿನಿಂದಲೇ ನಿಲ್ಲಿಸಿರುತ್ತದೆ. ‘ಗೆಟೆಂಟ್’ ಎಂದು ಇಡೀ ಪಟ್ಟಿ ಕೇಳಿದರೆ ಡೊಮೇನಿನ ಒಬ್ಬರೂ ಕಾಣುವುದಿಲ್ಲ. ಹೆಸರು ಹಿಡಿದು ‘ಐಡಿ’ ಎಂದು ಕೇಳಿದರೆ ಅದೇ ಮನುಷ್ಯ ತನ್ನೆಲ್ಲ ಗುಂಪುಗಳ ಸಮೇತ ಎದುರಿಗೆ ಬರುತ್ತಾನೆ.

ಈ ವಿವರಗಳನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಕಮಾಂಡ್ ಗೊತ್ತಿರುವುದೇ ಬೇರೆ, ಪ್ರಶ್ನೆ ಕೇಳಲು ಗೊತ್ತಿರುವುದೇ ಬೇರೆ. ಯಾವ ಕಂಟ್ರೋಲರನ್ನು ಕೇಳಿದೆ, ಎಷ್ಟಕ್ಕೆ ನಿಂತಿತು, ಗುಂಪಿನೊಳಗಿನ ಗುಂಪನ್ನು ಬಿಡಿಸಿತೇ ಇಲ್ಲವೇ ಎಂದು ವಿಚಾರಿಸದೆ ಸ್ವೀಕರಿಸಿದ ಉತ್ತರ, ಕೇಳದೆ ಇರುವುದಕ್ಕಿಂತ ಕೆಟ್ಟದ್ದು. ಕೇಳದವನಿಗೆ ತನಗೆ ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ. ಅರ್ಧ ಉತ್ತರ ಹಿಡಿದವನು ಗೊತ್ತಿದೆ ಎಂದುಕೊಂಡಿರುತ್ತಾನೆ. ಪವರ್‌ಶೆಲ್‌ನ ಆಕ್ಟಿವ್ ಡೈರೆಕ್ಟರಿ ಕಮಾಂಡುಗಳಲ್ಲಿ ಒಳಗುಂಪುಗಳನ್ನು ಕೊನೆಯವರೆಗೆ ಬಿಡಿಸುವ ಸೌಲಭ್ಯವಿದೆ. ಎಲ್‌ಡ್ಯಾಪ್ ಪ್ರಶ್ನೆಯಲ್ಲೂ ಸರಪಳಿ ಹಿಡಿದು ಹೋಗುವ ವಿಧಾನವಿದೆ. ಸಾಧನಗಳ ಕೊರತೆ ಇಲ್ಲ. ಕೇಳುವ ಶಿಸ್ತು ಬೇಕು.

ಪೂರ್ಣ ಸದಸ್ಯರ ಪಟ್ಟಿ ಸಿಕ್ಕ ಮೇಲೂ ಅಧಿಕಾರದ ನಕ್ಷೆ ಪೂರ್ಣವಾಗುವುದಿಲ್ಲ. 2016ರಲ್ಲಿ ಲಾಸ್ ವೇಗಸ್‌ನ ಡೆಫ್‌ಕಾನ್ ಸಮ್ಮೇಳನದಲ್ಲಿ ಬಿಡುಗಡೆಯಾದ ಬ್ಲಡ್‌ಹೌಂಡ್ ಎಂಬ ಸಾಧನ ಇದನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿತು. ಅದು ಖಾತೆ, ಗುಂಪು, ಕಂಪ್ಯೂಟರುಗಳನ್ನು ಬಿಂದುಗಳಾಗಿಯೂ ಅವುಗಳ ನಡುವಣ ಹಕ್ಕುಗಳನ್ನು ಗೆರೆಗಳಾಗಿಯೂ ಎಳೆದು, ಒಂದು ಸಾಮಾನ್ಯ ಖಾತೆಯಿಂದ ಡೊಮೇನಿನ ತುದಿಯವರೆಗೆ ಹೋಗುವ ದಾರಿಗಳನ್ನು ಹುಡುಕುತ್ತದೆ. ಹೆಲ್ಪ್‌ಡೆಸ್ಕ್ ತಂಡಕ್ಕೆ ಒಬ್ಬ ಎಂಜಿನಿಯರನ ಪಾಸ್‌ವರ್ಡ್ ಬದಲಿಸುವ ಹಕ್ಕಿದೆ. ಆ ಎಂಜಿನಿಯರನಿಗೆ ಒಂದು ಸರ್ವರಿನ ಮೇಲೆ ಪೂರ್ಣ ಹಿಡಿತವಿದೆ. ಆ ಸರ್ವರಿನಲ್ಲಿ ಡೊಮೇನ್ ಅಡ್ಮಿನ್ ಒಬ್ಬರು ಲಾಗಿನ್ ಆಗಿ ಹಾಗೇ ಬಿಟ್ಟಿದ್ದಾರೆ. ಈ ಮೂರು ಸಂಗತಿಗಳಲ್ಲಿ ಒಂದೂ ತಪ್ಪೆಂದು ಯಾರಿಗೂ ಅನಿಸುವುದಿಲ್ಲ. ಮೂರನ್ನೂ ಜೋಡಿಸಿದರೆ ಹೆಲ್ಪ್‌ಡೆಸ್ಕಿನ ಕಿರಿಯ ಸಹಾಯಕನ ಖಾತೆಯೇ ಇಡೀ ಡೊಮೇನಿಗೆ ದಾರಿ. ಬ್ಲಡ್‌ಹೌಂಡ್ ಇದಕ್ಕಾಗಿ ಯಾವ ಗೋಡೆಯನ್ನೂ ಒಡೆಯುವುದಿಲ್ಲ. ಹೆಚ್ಚಿನ ಮಾಹಿತಿಯನ್ನು ಅದು ಎಲ್ಲರೂ ಕೇಳಬಹುದಾದ ಪ್ರಶ್ನೆಗಳನ್ನು ಕೇಳಿಯೇ ಸಂಗ್ರಹಿಸುತ್ತದೆ. ಅದನ್ನು ದಾಳಿಕೋರರೂ ಬಳಸುತ್ತಾರೆ, ಕಾಯುವವರೂ ಬಳಸುತ್ತಾರೆ. ಯಾರು ಮೊದಲು ಬಳಸುತ್ತಾರೆ ಎಂಬುದರ ಮೇಲೆ ಫಲ ನಿಂತಿದೆ.

ದಾಳಿಕೋರರು ಈ ಓದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆ ಎಂಬುದಕ್ಕೆ ದಾಖಲೆ ಇದೆ. 2021ರ ಆಗಸ್ಟ್‌ನಲ್ಲಿ ಕಾಂಟಿ ಎಂಬ ರ‍್ಯಾನ್ಸಮ್‌ವೇರ್ ಗುಂಪಿನ ಅತೃಪ್ತ ಸಹಚರನೊಬ್ಬ ಅವರ ತರಬೇತಿ ಕೈಪಿಡಿಯನ್ನು ಬಹಿರಂಗಪಡಿಸಿದ. ರಷ್ಯನ್ ಭಾಷೆಯಲ್ಲಿದ್ದ ಆ ಕೈಪಿಡಿ, ಒಳಗೆ ಕಾಲಿಟ್ಟವರು ಜಾಲವನ್ನು ಅರಿಯಲು ಏನೇನು ಕೇಳಬೇಕೆಂದು ಹಂತಹಂತವಾಗಿ ಹೇಳುತ್ತದೆ. ಡೊಮೇನ್ ಅಡ್ಮಿನ್‌ಗಳು ಯಾರೆಂದು ಕೇಳುವ ಆ ‘ನೆಟ್ ಗ್ರೂಪ್’ ಸಾಲು ಅದರಲ್ಲಿದೆ. ದಾಳಿಯ ವಿಧಾನಗಳನ್ನು ವರ್ಗೀಕರಿಸುವ ಮೈಟರ್ ಅಟ್ಯಾಕ್ ಕೋಶದಲ್ಲೂ ಡೊಮೇನ್ ಖಾತೆಗಳ ಶೋಧ, ಡೊಮೇನ್ ಗುಂಪುಗಳ ಶೋಧ ಎಂಬ ಪ್ರತ್ಯೇಕ ನಮೂದುಗಳಿವೆ.

ಅದೇ ವರ್ಷದ ಮೇ 14ರಂದು ಇದೇ ಕಾಂಟಿಯ ದಾಳಿಗೆ ಐರ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ನೆಲಕಚ್ಚಿತ್ತು. ಆಸ್ಪತ್ರೆಗಳು ಕಾಗದ, ಪೆನ್ನಿಗೆ ಮರಳಿದವು. ಎಷ್ಟೋ ಚಿಕಿತ್ಸೆಗಳು ಮುಂದೆ ಹೋದವು. ಡಿಸೆಂಬರಿನಲ್ಲಿ ಪ್ರಕಟವಾದ ಸ್ವತಂತ್ರ ವರದಿ ಹೇಳಿದ ಕ್ರಮ ಗಮನಿಸಬೇಕಾದದ್ದು. ನೌಕರರೊಬ್ಬರು ಇಮೇಲಿನಲ್ಲಿ ಬಂದ ವಿಷಪೂರಿತ ಎಕ್ಸೆಲ್ ಕಡತ ತೆರೆದದ್ದು ಮಾರ್ಚ್ 18ರಂದು. ಅಲ್ಲಿಂದ ಸುಮಾರು ಎಂಟು ವಾರ ದಾಳಿಕೋರರು ಜಾಲದೊಳಗೇ ಇದ್ದರು. ಹೆಚ್ಚಿನ ಅಧಿಕಾರವಿದ್ದ ಬಹಳಷ್ಟು ಖಾತೆಗಳನ್ನು ವಶಪಡಿಸಿಕೊಂಡರು. ಮಾರ್ಚ್ 31ರಂದೇ ಆಂಟಿವೈರಸ್ ಅನುಮಾನದ ಚಟುವಟಿಕೆಯನ್ನು ಗುರುತಿಸಿತ್ತು, ಆದರೆ ಅದನ್ನು ನೋಡುವುದಕ್ಕಷ್ಟೇ ಹೊಂದಿಸಲಾಗಿತ್ತು, ತಡೆಯುವುದಕ್ಕಲ್ಲ. ವರದಿ ಕಂಡುಕೊಂಡ ಇನ್ನೊಂದು ಸಂಗತಿ ನನ್ನ ವಾದದ ಬುಡಕ್ಕೇ ಸೇರಿದ್ದು: ಸೈಬರ್ ಭದ್ರತೆಗೆ ಹಿರಿಯ ಮಟ್ಟದಲ್ಲಿ ಹೊಣೆ ಹೊತ್ತ ಒಬ್ಬ ವ್ಯಕ್ತಿಯೂ ಆ ಸಂಸ್ಥೆಯಲ್ಲಿರಲಿಲ್ಲ.

ಐರ್ಲೆಂಡಿನ ಆ ದಾಳಿಗೆ ಒಂದು ವಾರ ಮುಂಚೆ ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಕೆಲವು ದಿನ ನಿಂತುಹೋಗಿತ್ತು. ದಾಳಿಕೋರರು ಒಳಬಂದದ್ದು ಬಳಕೆಯಲ್ಲಿಲ್ಲದ ಹಳೆಯ ವಿಪಿಎನ್ ಖಾತೆಯೊಂದರಿಂದ. ಎರಡನೆಯ ಹಂತದ ದೃಢೀಕರಣ ಅದಕ್ಕಿರಲಿಲ್ಲ, ಪಾಸ್‌ವರ್ಡ್ ಒಂದೇ ಸಾಕಾಗಿತ್ತು. ಸಂಸ್ಥೆ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ಕೊಟ್ಟಿತು. ಬಳಕೆ ನಿಂತ ಮೇಲೂ ಜೀವಂತವಾಗಿ ಉಳಿದ ಖಾತೆಯನ್ನು ಹುಡುಕಿ ತೆಗೆಯುವುದು ತಂತ್ರಜ್ಞಾನದ ದೊಡ್ಡ ಸಾಹಸವೇನಲ್ಲ. ಅದನ್ನು ನಿಯತವಾಗಿ ಕೇಳುವವರೊಬ್ಬರು ಬೇಕು, ಅಷ್ಟೆ.

ಹಾಗಾದರೆ ಪಟ್ಟಿಯನ್ನೇ ಮುಚ್ಚಿಟ್ಟರೆ ದಾಳಿಕೋರನಿಗೆ ಕಷ್ಟವಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ಒಪ್ಪಬೇಕಾದ ಭಾಗವಿದೆ. ವಿಂಡೋಸ್ ಎನ್‌ಟಿ ಕಾಲದಲ್ಲಿ ಹೆಸರು, ಪಾಸ್‌ವರ್ಡ್ ಯಾವುದೂ ಇಲ್ಲದೆ ‘ನಲ್ ಸೆಷನ್’ ಎಂಬ ದಾರಿಯಲ್ಲಿ ಬಂದ ಅನಾಮಧೇಯರೂ ಖಾತೆಗಳ ಪಟ್ಟಿ ಪಡೆಯಬಹುದಿತ್ತು. ಹಳೆಯ ಯಂತ್ರಗಳಿಗೆ ಅನುಕೂಲವಾಗಲೆಂದು ಆ ಸಡಿಲಿಕೆ ವಿಂಡೋಸ್ 2000ದ ಡೊಮೇನ್‌ಗಳಲ್ಲೂ ಉಳಿದುಕೊಂಡಿತು. ಅಂಥದ್ದು ಎಲ್ಲಾದರೂ ಇನ್ನೂ ಉಳಿದಿದ್ದರೆ ಇಂದೇ ಮುಚ್ಚಬೇಕು. ವಿಂಡೋಸ್ 10ರ 1607ನೆಯ ಆವೃತ್ತಿ ಮತ್ತು ಸರ್ವರ್ 2016ರಿಂದ, ಪ್ರತಿ ಕಂಪ್ಯೂಟರಿನ ಸ್ಥಳೀಯ ಖಾತೆಗಳನ್ನು ದೂರದಿಂದ ಕೇಳುವ ಹಕ್ಕನ್ನು ಮೈಕ್ರೋಸಾಫ್ಟ್ ನಿರ್ವಾಹಕರಿಗೆ ಸೀಮಿತಗೊಳಿಸಿತು. ಅದೂ ಸರಿಯಾದ ಹೆಜ್ಜೆ. ನೌಕರರ ಮನೆ ವಿಳಾಸ, ಸ್ವಂತ ಫೋನ್ ಸಂಖ್ಯೆಗಳು ಈ ದಾಖಲೆಯಲ್ಲಿದ್ದರೆ ಅವನ್ನು ಎಲ್ಲರಿಗೂ ತೋರಿಸಬೇಕಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯವೂ ಅದೇ. ಖಾತೆಯ ವಿವರಣೆಯ ಕಾಲಮಿನಲ್ಲಿ ‘ಮರೆಯದಿರಲಿ’ ಎಂದು ಪಾಸ್‌ವರ್ಡನ್ನೇ ಬರೆದಿಡುವ ದುರಭ್ಯಾಸವಂತೂ ಗುಟ್ಟನ್ನು ತಂದು ಎಲ್ಲರೂ ಓದುವ ಕಡತದಲ್ಲಿ ಇಟ್ಟಂತೆ.

ಇಷ್ಟನ್ನು ಒಪ್ಪಿದ ಮೇಲೂ ಗುಂಪುಗಳ ಸದಸ್ಯತ್ವವನ್ನೇ ಮರೆಮಾಚುವ ಹಟಕ್ಕೆ ನನ್ನ ಸಮ್ಮತಿಯಿಲ್ಲ. ಮೊದಲನೆಯದಾಗಿ ಅದು ಪ್ರಾಮಾಣಿಕರ ಕೆಲಸಕ್ಕೆ ಅಡ್ಡಬರುತ್ತದೆ: ಗುಂಪು ನೋಡಿ ಹಕ್ಕು ಕೊಡುವ ಅಪ್ಲಿಕೇಶನ್‌ಗಳು ಮುರಿದುಬೀಳುತ್ತವೆ, ಆಗ ಅವಸರದಲ್ಲಿ ಒಂದೊಂದೇ ವಿನಾಯಿತಿ ಕೊಡುತ್ತಾ ಹೋಗಿ ಮೊದಲಿಗಿಂತ ಗೋಜಲಾದ ವ್ಯವಸ್ಥೆ ಉಳಿಯುತ್ತದೆ. ಎರಡನೆಯದಾಗಿ ಕಮಾಂಡ್ ಪ್ರಾಂಪ್ಟ್ ತೆಗೆದರೆ ಪ್ರಶ್ನೆ ಕೇಳುವ ದಾರಿ ಮುಚ್ಚುವುದಿಲ್ಲ. ಅದೇ ಪ್ರಶ್ನೆಯನ್ನು ಪವರ್‌ಶೆಲ್ ಕೇಳಬಲ್ಲದು, ಎಲ್‌ಡ್ಯಾಪ್ ಮಾತಾಡಬಲ್ಲ ಯಾವ ಪ್ರೋಗ್ರಾಂ ಬೇಕಾದರೂ ಕೇಳಬಲ್ಲದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮುಚ್ಚಿಟ್ಟ ಪಟ್ಟಿಯಲ್ಲಿ ಕೊಳೆ ಬೆಳೆಯುತ್ತದೆ. ಯಾರೂ ನೋಡದ ಗುಂಪಿಗೆ ಸೇರಿದ ಅನಗತ್ಯ ಹೆಸರನ್ನು ಪ್ರಶ್ನಿಸುವವರು ಇರುವುದಿಲ್ಲ.

ನಮ್ಮ ಮತದಾರರ ಪಟ್ಟಿ ಇಲ್ಲಿ ನೆನಪಿಗೆ ಬರುತ್ತದೆ. ಅದರ ಕರಡನ್ನು ಪ್ರಕಟಿಸುತ್ತಾರೆ, ಆಕ್ಷೇಪಣೆ ಕರೆಯುತ್ತಾರೆ. ತೀರಿಹೋದವರ ಅಥವಾ ಊರು ಬಿಟ್ಟವರ ಹೆಸರು ತೆಗೆಯಲು ನಮೂನೆ 7ರಲ್ಲಿ ಅರ್ಜಿ ಕೊಡಬಹುದು. ಪಟ್ಟಿ ತೆರೆದಿರುವುದೇ ಅದು ಶುದ್ಧವಾಗುವ ಮಾರ್ಗ. ಹಾಗೆ ತೆರೆದಿಟ್ಟರೂ ಯಾರೂ ಓದದ ವಾರ್ಡಿನಲ್ಲಿ ಪಟ್ಟಿ ಕೆಟ್ಟೇ ಇರುತ್ತದೆ ಎಂಬುದೂ ನಮಗೆ ಗೊತ್ತು. ಡೊಮೇನಿನ ಪಟ್ಟಿಗೂ ಈ ಎರಡು ಮಾತು ಹೊಂದುತ್ತವೆ.

ಕೊಳೆ ಎಲ್ಲಿಂದ ಬರುತ್ತದೆ ಎಂದು ನೋಡಿದರೆ ದುರುದ್ದೇಶ ಕಾಣಸಿಗುವುದು ಅಪರೂಪ. ಆಕ್ಸೆಸ್ ಕೊಡಿ ಎಂಬ ಟಿಕೆಟ್ ಬರುತ್ತದೆ. ತೆಗೆಯಿರಿ ಎಂಬ ಟಿಕೆಟ್ ಬರುವುದಿಲ್ಲ. ಹೊಸಬರು ಬಂದಾಗ ‘ಅವರಿಗೆ ಇರುವುದೆಲ್ಲ ಇವರಿಗೂ ಇರಲಿ’ ಎಂದು ಹಳಬರೊಬ್ಬರ ಖಾತೆಯನ್ನು ನಕಲು ಮಾಡುತ್ತಾರೆ. ಹಳಬರು ಹತ್ತು ವರ್ಷದಲ್ಲಿ ಕೂಡಿಹಾಕಿದ ಗುಂಪುಗಳೆಲ್ಲ ಮೊದಲ ದಿನವೇ ಹೊಸಬರಿಗೆ ಸಿಗುತ್ತವೆ. ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಹೋದವರ ಹಿಂದಿನ ಹಕ್ಕುಗಳು ಹಿಂದೆ ಉಳಿಯದೆ ಜೊತೆಗೇ ಬರುತ್ತವೆ. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಕೂತು ಹೊರದೇಶದ ಸಂಸ್ಥೆಗಳ ಜಾಲ ನೋಡಿಕೊಳ್ಳುವ ಸಾವಿರಾರು ಎಂಜಿನಿಯರುಗಳಿಗೆ ಇದು ದಿನನಿತ್ಯದ ಅನುಭವ. ಅಲ್ಲಿ ಗುತ್ತಿಗೆ ನೌಕರರು ಬರುತ್ತಾರೆ, ಹೋಗುತ್ತಾರೆ. ಅವರು ಹೋದದ್ದು ಎಚ್‌ಆರ್ ವಿಭಾಗಕ್ಕೆ ಗೊತ್ತು, ಡೊಮೇನಿಗೆ ಗೊತ್ತಿಲ್ಲ. ಖಾತೆ ತೆಗೆಯುವ ಅಧಿಕಾರ ತಮ್ಮ ಕೈಯಲ್ಲಿದ್ದರೂ, ತೆಗೆದರೆ ಏನು ನಿಂತುಹೋಗುತ್ತದೋ ಎಂಬ ಅಂಜಿಕೆಯಿಂದ ಈ ಎಂಜಿನಿಯರುಗಳು ಸುಮ್ಮನಿರುತ್ತಾರೆ. ಆ ಅಂಜಿಕೆ ಅವರ ದೋಷವಲ್ಲ. ಯಾವ ಗುಂಪು ಯಾವುದಕ್ಕಾಗಿ ಇದೆ ಎಂದು ಹೇಳುವವರನ್ನೇ ಸಂಸ್ಥೆ ಗೊತ್ತುಮಾಡಿರುವುದಿಲ್ಲ.

ಆದ್ದರಿಂದ ಪರಿಹಾರವೂ ಹೊಣೆಯಿಂದಲೇ ಶುರುವಾಗಬೇಕು. ಪ್ರತಿ ಗುಂಪಿಗೂ ಹೆಸರಿರುವ ಒಬ್ಬ ಒಡೆಯರಿರಬೇಕು, ಅವರು ತಾಂತ್ರಿಕ ವಿಭಾಗದವರಾಗಿರಬೇಕೆಂದಿಲ್ಲ. ವೇತನದ ಫೋಲ್ಡರಿನ ಗುಂಪಿಗೆ ವೇತನ ವಿಭಾಗದ ಮುಖ್ಯಸ್ಥರೇ ಒಡೆಯರಾಗುವುದು ನ್ಯಾಯ. ಗುಂಪಿನ ದಾಖಲೆಯಲ್ಲಿ ನಿರ್ವಹಿಸುವವರ ಹೆಸರಿಗೂ ವಿವರಣೆಗೂ ಜಾಗವಿದೆ. ಅದನ್ನು ತುಂಬದೆ ಹೊಸ ಗುಂಪು ಮಾಡಕೂಡದು. ಗುತ್ತಿಗೆ ನೌಕರರ ಖಾತೆಗೆ ಮೊದಲ ದಿನವೇ ಮುಕ್ತಾಯದ ದಿನಾಂಕ ಹಾಕಬೇಕು. ಅತ್ಯುನ್ನತ ಗುಂಪುಗಳ ಸದಸ್ಯತ್ವವನ್ನು ಕೆಲಸ ಇರುವಷ್ಟು ಹೊತ್ತು ಮಾತ್ರ ಕೊಡುವ ಸೌಲಭ್ಯ ಸರ್ವರ್ 2016ರಿಂದಲೇ ಇದೆ, ಅದನ್ನು ಬಳಸಬೇಕು.

ಇದರ ಮೇಲೆ ವಾರಕ್ಕೊಮ್ಮೆಯ ಪ್ರಶ್ನೆ. ಒಳಗುಂಪುಗಳನ್ನು ಪೂರ್ತಿ ಬಿಡಿಸಿ, ಮುಖ್ಯ ಗುಂಪಿನ ಸಂಖ್ಯೆಯನ್ನೂ ನೋಡಿ, ಎಲ್ಲ ಕಂಟ್ರೋಲರುಗಳನ್ನೂ ಕೇಳಿ ಬರೆದ ಒಂದು ಸ್ಕ್ರಿಪ್ಟ್. ಹಿಂದಿನ ವಾರದ ಉತ್ತರದೊಂದಿಗೆ ಹೋಲಿಕೆ. ವ್ಯತ್ಯಾಸ ಕಂಡರೆ ಗುಂಪಿನ ಒಡೆಯರಿಗೆ ಇಮೇಲ್, ಅವರಿಂದ ಒಪ್ಪಿಗೆ ಅಥವಾ ಆಕ್ಷೇಪಣೆ. ತಿಂಗಳಿಗೊಮ್ಮೆ ಎಚ್‌ಆರ್ ಪಟ್ಟಿಯನ್ನೂ ಡೊಮೇನ್ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಬೇಕು. ಯಾರು ಇಡೀ ಪಟ್ಟಿಯನ್ನು ಕೇಳುತ್ತಿದ್ದಾರೆ ಎಂಬುದನ್ನೂ ಗಮನಿಸಬೇಕು: ಸ್ವಾಗತ ಕೌಂಟರಿನ ಕಂಪ್ಯೂಟರೊಂದು ಮಧ್ಯರಾತ್ರಿ ಡೊಮೇನ್ ಅಡ್ಮಿನ್‌ಗಳ ಹೆಸರು ಕೇಳಿದರೆ ಅದು ತಕ್ಷಣ ತಿಳಿಯಬೇಕು. ಯಾರೂ ಬಳಸದ, ಆಕರ್ಷಕ ಹೆಸರಿನ ಒಂದು ಖಾತೆಯನ್ನು ಇಟ್ಟು ಅದರ ಮೇಲೆ ಯಾರಾದರೂ ಲಾಗಿನ್ ಪ್ರಯತ್ನಿಸಿದೊಡನೆ ಎಚ್ಚರಿಕೆ ಬರುವಂತೆ ಮಾಡಬಹುದು. ಪಟ್ಟಿ ತೆರೆದಿರುವುದು ಆಗ ಕಾಯುವವರಿಗೇ ಅನುಕೂಲವಾಗುತ್ತದೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನ ಭಾರತದ ಸಂಸ್ಥೆಗಳು 180 ದಿನಗಳ ಲಾಗ್ ಉಳಿಸಿಕೊಳ್ಳಬೇಕು, ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು ಎನ್ನುತ್ತದೆ. ತನ್ನ ಜಾಲದಲ್ಲಿ ಯಾವ ಖಾತೆಗೆ ಏನು ಅಧಿಕಾರವಿತ್ತು ಎಂದು ತಿಳಿಯದ ಸಂಸ್ಥೆ 6 ಗಂಟೆಯೊಳಗೆ ಅರ್ಥವಿರುವ ವರದಿ ಕೊಡುವುದಾದರೂ ಹೇಗೆ?

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ನಿರ್ವಾಹಕರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು, ಅದನ್ನು ಕೇಳಬೇಕಾದದ್ದು ಆಡಳಿತ ಮಂಡಳಿಯ ಎದುರು. ಹಣಕಾಸಿನ ಲೆಕ್ಕ ನೋಡಲು ಸಮಯ ಮೀಸಲಿಡುವ ಸಂಸ್ಥೆ ಅಧಿಕಾರದ ಲೆಕ್ಕಕ್ಕೂ ಮೀಸಲಿಡಬೇಕು. ಎರಡನೆಯದು ಕೆಟ್ಟರೆ ಮೊದಲನೆಯದನ್ನು ಬರೆದಿಟ್ಟ ಯಂತ್ರಗಳೇ ಉಳಿಯುವುದಿಲ್ಲ. ‘ನಮ್ಮ ಡೊಮೇನಿನಲ್ಲಿ ಸರ್ವಾಧಿಕಾರ ಎಷ್ಟು ಖಾತೆಗಳಿಗಿದೆ, ಒಂದೊಂದಕ್ಕೂ ಕಾರಣವೇನು?’ ಎಂಬ ಪ್ರಶ್ನೆಯನ್ನು ಮುಖ್ಯಸ್ಥರು ಪ್ರತಿ ತ್ರೈಮಾಸಿಕ ಸಭೆಯಲ್ಲಿ ಕೇಳಲಿ, ಉತ್ತರ ಲಿಖಿತವಾಗಿರಲಿ. ಮೊದಲ ಸಭೆಯಲ್ಲಿ ಉತ್ತರ ಗೊಂದಲವಾಗಿಯೇ ಇರುತ್ತದೆ. ಆದರೆ ಮತ್ತೆ ಕೇಳುತ್ತಾರೆಂದು ಗೊತ್ತಿದ್ದಾಗ ಪಟ್ಟಿಯನ್ನು ಶುಚಿಯಾಗಿಡಲು ಎಲ್ಲರಿಗೂ ಕಾರಣ ಸಿಗುತ್ತದೆ. ಅಧಿಕಾರ ಕೊಡುವವರೇ ಅದರ ಲೆಕ್ಕವನ್ನೂ ಕೇಳಬೇಕು. ಕೇಳದೆ ಬಿಟ್ಟ ಲೆಕ್ಕವನ್ನು ಓದಲು ಹೊರಗಿನವರು ಕಾದಿದ್ದಾರೆ.